ಬಂಗಾರದ ಕೊಂಡುಕುರಿ

ಎರಡು ವಾರದ ಹಿಂದೆ ನಾವು ನಾಲ್ಕು ಜನ ಸ್ನೇಹಿತರು ಮುತ್ತತ್ತಿಗೆ ಹೋಗಿದ್ವಿ. ಕನಕಪುರ, ಸಾತನೂರು ದಾಟಿ ಕಾಡಿನ ರಸ್ತೆ ಹಿಡಿದರೆ ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಜಾಗ. ನಿಮ್ಮಲ್ಲೂ ಬಹಳ ಜನ ಹೋಗಿರ್ತೀರಿ, ಅಲ್ಲಿನ ಕೋತಿಗಳಿಗೆ ಚಿಪ್ಸ್ ಪ್ಯಾಕೆಟ್ಟಿನ ಕಪ್ಪವನ್ನೂ ಒಪ್ಪಿಸಿ ಬಂದಿರ್ತೀರಿ :-)

ಜೊತೆಗಿದ್ದವರಲ್ಲಿ ಒಬ್ಬನಿಗೆ ಫ್ಯಾಂಟಸಿ ಗೇಮುಗಳ ಹುಚ್ಚು. ಡ್ರ್ಯಾಗನ್ನು, ಮಾಂತ್ರಿಕರು, ಬೆಳಕು ಚೆಲ್ಲುವ ಕೊಂಬಿನ ಜಿಂಕೆಗಳು, ಇವುಗಳ ನಡುವೆಯೇ ಅವನ ಶನಿವಾರ ಭಾನುವಾರ ಕಳೆಯೋದು. ಕಾರಿನಲ್ಲಿ ನನ್ನ ಕಾಡುಪ್ರಾಣಿಗಳ ಪುಸ್ತಕ ಬಿದ್ದಿತ್ತು. ಸುಮ್ಮನೆ ಪುಟ ತಿರುವುತ್ತಿದ್ದವನು ಒಂದು ಚಿತ್ರ ನೋಡಿ ನಿಲ್ಲಿಸಿದ. "ಲೋ ಮಗಾ, ಇದ್ಯಾವ ಗೇಮಿಂದು? ನಾಲ್ಕು ಕೊಂಬು ಕೊಟ್ಟಿದ್ದಾರೆ!"

ಅದು ಗೇಮಿನದ್ದಲ್ಲ ಕಣೋ, ಕೊಂಡುಕುರಿ ಅಂತ, ಈಗ ನಾವು ಹೋಗ್ತಾ ಇರೋ ಕಾಡಿನಲ್ಲೇ ಇದೆ ಅಂದೆ. ಅವನು ನಂಬಲಿಲ್ಲ. ಉಳಿದ ಇಬ್ಬರೂ ನಂಬಲಿಲ್ಲ. ಅವರನ್ನು ನೋಡಿ ನಕ್ಕೆನಾದರೂ ಒಳಗೊಳಗೇ ಸ್ವಲ್ಪ ನಾಚಿಕೆ ಆಯ್ತು. ಯಾಕಂದ್ರೆ ಇದೇ ಪ್ರಾಣಿಯ ವಿಷಯದಲ್ಲಿ ಇಪ್ಪತ್ತು ವರ್ಷದ ಹಿಂದೆ ನಾನೂ ಹೀಗೇ ಮಾಡಿದ್ದೆ, ನಮ್ಮಜ್ಜಿಗೆ.

ನಮ್ಮಮ್ಮನ ಅಮ್ಮ ಹಲಗೂರಿನ ಕಡೆಯವರು. ಬೇಸಿಗೆ ರಜೆಗೆ ಹೋದಾಗ ರಾಮಾಯಣ ಹೇಳೋರು. ಅವರ ರಾಮಾಯಣದಲ್ಲಿ ಪಂಚವಟಿಯೂ ಲಂಕೆಯೂ ಮುತ್ತತ್ತಿಯಿಂದ ಒಂದೆರಡು ಮೈಲಿ ಅತ್ತಿತ್ತ ಅಷ್ಟೆ. ಮಾಯಾಜಿಂಕೆ ಅಂತ ಅವರು ಒಂದು ದಿನವೂ ಅಂದವರಲ್ಲ. "ಬಂಗಾರದ ಕೊಂಡ್ಗುರಿ ಬಂತು ಕಣ್ಮಗ" ಅನ್ನೋರು. ಹೆಂಗಿತ್ತಜ್ಜಿ ಅಂದ್ರೆ, "ಇಂದ್ಕೆ ಎಲ್ಡು ಕೊಂಬು, ಮುಂದ್ಕೆ ಎಲ್ಡು ಮೊಳ್ಕೆ. ಒಂದೇ ಒಂದು ಇತ್ತು, ಜೊತೆಗೆ ಯಾರೂ ಇರ್ನಿಲ್ಲ. ನೋಡ್ತು, ನಿಂತ್ಕತು, ಟಣ್ ಅಂತ ನೆಗೀತು." ನಾನು ಸ್ಕೂಲಿನಲ್ಲಿ ನಾಲ್ಕಕ್ಷರ ಕಲಿತವನಲ್ವಾ, ಅಮರಚಿತ್ರ ಕಥೆಯಲ್ಲಿ ಚುಕ್ಕೆ ಚುಕ್ಕೆ ಜಿಂಕೆ ನೋಡಿದ್ದೆ. ಅಜ್ಜೀ, ಅದು ಕುರಿ ಅಲ್ಲ, ಜಿಂಕೆ, ಮೊಳಕೆ ಗಿಳಕೆ ಎಲ್ಲಾ ಇರಲ್ಲ ಅಂತ ತಿದ್ದಿದ್ದೆ. ಅಜ್ಜಿ ನಕ್ಕು ಸುಮ್ಮನಾಗಿದ್ರು.

ಮುತ್ತತ್ತಿಯಿಂದ ಬಂದ ಮೇಲೆ ಈ ವಿಷಯ ತಲೆಯಿಂದ ಹೋಗಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದನ್ನು ಇಲ್ಲಿ ಹಾಕ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಒಂದು ಗೊಂದಲ ಕಳೆಯಬೇಕು. ಕನ್ನಡದಲ್ಲಿ ನಾವು ಜಿಂಕೆ ಅಂದುಬಿಟ್ರೆ ಎಲ್ಲ ಮುಗೀತು. ಆದರೆ ಅದರಲ್ಲಿ ಎರಡು ಬೇರೆ ಬೇರೆ ಮನೆತನಗಳಿವೆ. ಚುಕ್ಕೆ ಜಿಂಕೆ, ಕಡವೆ ಇವೆಲ್ಲ ಒಂದು ಮನೆತನ. ಇವುಗಳಲ್ಲಿ ಗಂಡಿನ ಕೊಂಬು ಕವಲೊಡೆಯುತ್ತೆ, ಗಟ್ಟಿ ಮೂಳೆಯದ್ದು, ಕಾಲಕಾಲಕ್ಕೆ ಉದುರಿ ಹೊಸದು ಬರುತ್ತೆ. ಕೃಷ್ಣಮೃಗ, ಚಿಂಕಾರ, ಕೊಂಡುಕುರಿ ಇವು ಇನ್ನೊಂದು ಮನೆತನ. ದನ, ಆಡು, ಕುರಿಗಳ ದಾಯಾದಿಗಳು. ಇವುಗಳ ಕೊಂಬಿಗೆ ಕವಲಿಲ್ಲ. ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನಂಥದೇ ಪದಾರ್ಥದ ಚಿಪ್ಪು, ಹುಟ್ಟಿದ್ದು ಸಾಯೋವರೆಗೂ ಇರುತ್ತೆ. ಹಳಗನ್ನಡದ ಎರಳೆ, ಈಗಲೂ ಅಲ್ಲಲ್ಲಿ ಉಳಿದಿರೋ ಹುಲ್ಲೆ, ಉತ್ತರ ಕರ್ನಾಟಕದ ಚಿಗರಿ, ಇಷ್ಟೆಲ್ಲ ಪದ ಇಟ್ಕೊಂಡು ನಾವು ಎಲ್ಲದಕ್ಕೂ ಜಿಂಕೆ ಅಂತೀವಿ. ಅಂದ್ರೆ ಕೊಂಡುಕುರಿಯನ್ನು ಕುರಿ ಅಂದ ನಮ್ಮಜ್ಜಿಯೇ ಪ್ರಾಣಿಶಾಸ್ತ್ರಕ್ಕೆ ಹತ್ತಿರ ಇದ್ರು!

ಈಗ ಕಲ್ಪನಾಲೋಕದ ಮೃಗಕ್ಕೆ ಬರೋಣ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಮಾರೀಚ ತಾಳುವ ರೂಪದ ವರ್ಣನೆ ಇದೆ. ಸಂಸ್ಕೃತ ಓದಿ ಅರ್ಥ ಮಾಡಿಕೊಳ್ಳೋ ಯೋಗ್ಯತೆ ನನಗಿಲ್ಲ, ಅನುವಾದದಲ್ಲಿ ಓದಿದ್ದು. ಕೊಂಬಿನ ತುದಿಯಲ್ಲಿ ರತ್ನ. ಮುಖ ಅರ್ಧ ಬಿಳುಪು ಅರ್ಧ ಕಪ್ಪು. ಕಿವಿ ಇಂದ್ರನೀಲದ ಬಣ್ಣ, ಪಕ್ಕೆ ಹಿಪ್ಪೆ ಹೂವಿನ ಬಣ್ಣ, ಗೊರಸು ವೈಡೂರ್ಯ, ಬಾಲ ಕಾಮನಬಿಲ್ಲು, ಮೈಮೇಲೆಲ್ಲ ಬೆಳ್ಳಿ ಚುಕ್ಕೆ. ಇದು ಅಪ್ಪಟ ಗೇಮಿನ ಪ್ರಾಣಿ, ನನ್ನ ಸ್ನೇಹಿತನಿಗೆ ತುಂಬಾ ಇಷ್ಟ ಆಗುತ್ತೆ. ಆದರೆ ಆ ಬಿಳುಪು ಕಪ್ಪಿನ ಮುಖವನ್ನು ಗಮನಿಸಿ. ಚುಕ್ಕೆ ಜಿಂಕೆಗೆ ಹಾಗೆ ಎರಡು ಬಣ್ಣದ ಮುಖ ಇಲ್ಲ. ಕಪ್ಪು ಮುಖ, ಕಣ್ಣಿನ ಸುತ್ತ ಬಿಳಿ ಉಂಗುರ, ಗಲ್ಲ ಬಿಳಿ, ಇದು ವಯಸ್ಸಿಗೆ ಬಂದ ಗಂಡು ಕೃಷ್ಣಮೃಗದ ಮುಖ. ಚುಕ್ಕೆ ಒಂದರದ್ದು, ಮುಖ ಇನ್ನೊಂದರದ್ದು. ಕವಿ ಎರಡೂ ಮನೆತನ ಬೆರೆಸಿದ್ದಾನೆ ಅಂತ ನನಗನ್ನಿಸುತ್ತೆ.

ರೂಪಕ್ಕಿಂತ ನನಗೆ ಹಿಡಿಸಿದ್ದು ಅದರ ನಡತೆ. ಅದು ಸೀತೆಯ ಕಣ್ಣಿಗೆ ಬೀಳಲಿ ಅಂತ ಆಶ್ರಮದ ಸುತ್ತ ಓಡಾಡುತ್ತೆ. ಸ್ವಲ್ಪ ಮೇಯುತ್ತೆ, ಮಲಗುತ್ತೆ, ಎದ್ದು ಹೋಗಿ ಬೇರೆ ಜಿಂಕೆಗಳ ಹಿಂಡು ಸೇರಿ ಮತ್ತೆ ವಾಪಸ್ ಬರುತ್ತೆ. ಆಗ ಕಾಡಿನ ನಿಜವಾದ ಜಿಂಕೆಗಳು ಹತ್ತಿರ ಬಂದು ಅದರ ಮೈ ಮೂಸಿ ನೋಡಿ ದಿಕ್ಕುಗೆಟ್ಟು ಓಡಿಹೋಗುತ್ತವೆ! ಹೊರಗೆ ಎಷ್ಟೇ ರತ್ನ ಮೆತ್ತಿಕೊಂಡಿದ್ರೂ ವಾಸನೆ ರಾಕ್ಷಸನದ್ದು. ಮಾರೀಚನಿಗೂ ಜಿಂಕೆ ಮಾಂಸ ಅಂದ್ರೆ ಪ್ರಾಣ, ಆದರೆ ಗುಟ್ಟು ರಟ್ಟಾಗುತ್ತೆ ಅಂತ ಅವುಗಳನ್ನು ತಿನ್ನದೆ ತಡೆದುಕೊಳ್ಳುತ್ತಾನೆ. ಇದನ್ನು ಬರೆದವನು ಕಾಡಿನಲ್ಲಿ ಕೂತು ಜಿಂಕೆ ನೋಡಿದವನೇ ಸರಿ. ಗೊರಸಿನ ಪ್ರಾಣಿಗಳು ಕಣ್ಣನ್ನು ನಂಬೋದಕ್ಕಿಂತ ಮೂಗನ್ನು ನಂಬೋದೇ ಹೆಚ್ಚು. ಮೋಸ ಹೋದವರು ಮನುಷ್ಯರು ಮಾತ್ರ, ಅದರಲ್ಲೂ ಲಕ್ಷ್ಮಣ ಇಂಥ ಪ್ರಾಣಿ ಭೂಮಿ ಮೇಲೆ ಇರೋಕೆ ಸಾಧ್ಯವಿಲ್ಲ, ಇದು ಮಾಯೆ ಅಂತ ಬಾಯಿಬಿಟ್ಟು ಹೇಳಿದ ಮೇಲೂ.

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮಾರೀಚ ಜಿಂಕೆ ಆಗಿದ್ದು ಇದೇ ಮೊದಲಲ್ಲ. ಅದಕ್ಕೆ ಮುಂಚೆಯೇ ಒಂದು ಸಲ ಚೂಪು ಕೊಂಬು, ದೊಡ್ಡ ಕೋರೆಹಲ್ಲು, ಉರಿಯೋ ನಾಲಿಗೆ ಇರುವ ಮಾಂಸ ತಿನ್ನೋ ಮೃಗವಾಗಿ ದಂಡಕಾರಣ್ಯದಲ್ಲಿ ಋಷಿಗಳನ್ನು ಬೇಟೆಯಾಡುತ್ತಿದ್ದನಂತೆ. ಆಗ ರಾಮನ ಬಾಣದಿಂದ ಹೇಗೋ ತಪ್ಪಿಸಿಕೊಂಡು, ಆಮೇಲೆ ಒಂದೊಂದು ಮರದಲ್ಲೂ ರಾಮನೇ ಕಂಡು, 'ರ' ಅಕ್ಷರದಿಂದ ಶುರುವಾಗೋ ಪದ ಕೇಳಿದರೂ ನಡುಗುವಂತಾಗಿತ್ತು. ಅದನ್ನು ರಾವಣನಿಗೆ ತಾನೇ ಹೇಳಿಕೊಳ್ಳುತ್ತಾನೆ, ಬೇಡ ಅಂತ ಬೇಡಿಕೊಳ್ಳುತ್ತಾನೆ. ಪಾಪ, ಯಾರು ಕೇಳ್ತಾರೆ? ಬಾಸ್ ಹೇಳಿದ ಮೇಲೆ ಮುಗೀತು.

ಕನ್ನಡದಲ್ಲಿ ಈ ಮೃಗದ ಕಥೆ ಇನ್ನೂ ಸ್ವಾರಸ್ಯ. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ' ನಮ್ಮ ಹಳೆಯ ರಾಮಾಯಣಗಳಲ್ಲಿ ಒಂದು. ಅವನು ಹಿಡಿದದ್ದು ಜೈನ ಕವಿ ವಿಮಲಸೂರಿಯ ದಾರಿ. ಆ ದಾರಿಯಲ್ಲಿ ಬಂಗಾರದ ಜಿಂಕೆಯೇ ಇಲ್ಲ! ಅಲ್ಲಿ ಲಕ್ಷ್ಮಣ ಯುದ್ಧಕ್ಕೆ ಹೋಗಿರುತ್ತಾನೆ, ಅವನ ಸಿಂಹನಾದ ಕೇಳಿಸಿತು ಅನ್ನೋ ಮೋಸದಿಂದ ರಾಮನನ್ನು ದೂರ ಕಳಿಸುತ್ತಾರೆ. ಜೈನರಿಗೆ ಜಿಂಕೆಯ ಮೇಲೆ ಕೋಪವೇನಿಲ್ಲ, ಹದಿನಾರನೇ ತೀರ್ಥಂಕರ ಶಾಂತಿನಾಥನ ಲಾಂಛನವೇ ಜಿಂಕೆ. ಆದರೆ ಚರ್ಮದ ಆಸೆಗೆ ಪ್ರಾಣಿ ಕೊಲ್ಲಲು ಹೊರಡೋ ನಾಯಕ ಆ ಕಥೆಗೆ ಒಗ್ಗಲಿಲ್ಲವೇನೋ. ಇದು ನನ್ನ ಊಹೆ ಮಾತ್ರ. ಆಮೇಲೆ ತೊರವೆ ರಾಮಾಯಣದಲ್ಲಿ ಮಾಯಾಮೃಗ ಇದೆ, ಹಂಪಿಯ ಹಜಾರರಾಮ ದೇವಸ್ಥಾನದ ಗೋಡೆಯಲ್ಲಿದೆ, ಯಕ್ಷಗಾನದಲ್ಲಿದೆ, ಕುವೆಂಪು ಅವರ ದರ್ಶನದಲ್ಲೂ ಇದೆ. ತೊಗಲುಗೊಂಬೆಯವರ ಸುದ್ದಿ ಓದುವಾಗ ಮಾತ್ರ ಒಂದು ಕ್ಷಣ ತಡೆದೆ. ಆಂಧ್ರದ ತೊಗಲುಗೊಂಬೆಯಾಟದಲ್ಲಿ ಹಿಂದೆ ದೇವರ ಪಾತ್ರಗಳಿಗೆ ಜಿಂಕೆ ಚರ್ಮವೇ ಆಗಬೇಕಿತ್ತಂತೆ. ಅಂದ್ರೆ ಪರದೆ ಮೇಲೆ ಆ ಜಿಂಕೆ ಬೇಕು ಅಂತ ಕೇಳೋ ಸೀತೆಯೇ ಜಿಂಕೆ ಚರ್ಮದವಳು.

ಚರ್ಮದ ವಿಷಯ ಸಣ್ಣದಲ್ಲ. ವಾಲ್ಮೀಕಿಯ ಸೀತೆ ಕೇಳೋದು ಇಷ್ಟೆ: ಜೀವಂತ ಸಿಕ್ಕರೆ ಅಯೋಧ್ಯೆಗೆ ಕರಕೊಂಡು ಹೋಗೋಣ, ಸತ್ತರೆ ಆ ಚರ್ಮದ ಮೇಲೆ ಕೂರಬೇಕು. ಕೃಷ್ಣಾಜಿನ ಅಂದ್ರೆ ಕೃಷ್ಣಮೃಗದ ಚರ್ಮ. ಋಷಿಗಳ ಆಸನ, ಬ್ರಹ್ಮಚಾರಿಯ ಉಡುಗೆ. ಮನುಸ್ಮೃತಿಯಂತೂ ಕೃಷ್ಣಮೃಗ ತಾನಾಗಿ ಓಡಾಡುವ ನಾಡೇ ಯಜ್ಞಕ್ಕೆ ಯೋಗ್ಯ ಅನ್ನುತ್ತೆ. ಒಂದು ಪ್ರಾಣಿ ಮೇಯುವ ಜಾಗ ನೋಡಿ ಧರ್ಮದ ಗಡಿ ಹಾಕಿದ್ದಾರೆ! ಈಗ ಆ ಲೆಕ್ಕ ಹಿಡಿದರೆ ನಮ್ಮಲ್ಲಿ ಯಜ್ಞಕ್ಕೆ ರಾಣೆಬೆನ್ನೂರಿಗೋ, ಮಧುಗಿರಿ ತಾಲೂಕಿನ ಮೈದನಹಳ್ಳಿಗೋ ಹೋಗಬೇಕಾಗುತ್ತೆ. ರಾಣೆಬೆನ್ನೂರಿನ ಧಾಮ ೧೯೭೪ರದ್ದು, ಮೈದನಹಳ್ಳಿಯ ಹುಲ್ಲುಗಾವಲಿಗೆ ೨೦೦೭ರಲ್ಲಿ ರಕ್ಷಣೆ ಸಿಕ್ಕಿತು. ೧೯೭೨ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕೃಷ್ಣಾಜಿನ ಮಾರೋದು ಕೊಳ್ಳೋದು ಅಪರಾಧ. ಮೊನ್ನೆ ಸ್ನೇಹಿತನ ತಮ್ಮನ ಉಪನಯನದಲ್ಲಿ ಜನಿವಾರಕ್ಕೆ ಕಟ್ಟಿದ ಉಗುರಿನಷ್ಟು ತುಂಡು ನೋಡಿ ಇದು ಯಾವುದರ ಚರ್ಮ ಅಂತ ಪುರೋಹಿತರನ್ನು ಕೇಳಿದೆ. "ಸುಮ್ನೆ ಊಟಕ್ಕೆ ನಡೀರಿ" ಅಂದ್ರು.

ಮಾರೀಚನ ಉಪಾಯ ಕವಿಯ ತಲೆಯಿಂದ ಪೂರ್ತಿ ಹುಟ್ಟಿದ್ದು ಅಂತ ನನಗೆ ಅನ್ನಿಸೋದಿಲ್ಲ. ಅದು ಬೇಟೆಗಾರರ ಹಳೆಯ ತಂತ್ರ. ಸಾಕಿದ ಗಂಡು ಕೃಷ್ಣಮೃಗದ ಕೊಂಬಿಗೆ ಬಲೆ ಸುತ್ತಿ ಕಾಡುಹಿಂಡಿನ ಹತ್ತಿರ ಬಿಡೋದು. ಆ ಜಾಗದ ಯಜಮಾನ ಗಂಡು ತನ್ನ ಗಡಿಯೊಳಗೆ ಬಂದವನನ್ನು ಬಿಡೋದಿಲ್ಲ, ಕಾದಾಡೋಕೆ ಬರುತ್ತೆ, ಬಂದು ಕೊಂಬು ಸಿಕ್ಕಿಸಿಕೊಳ್ಳುತ್ತೆ. ಅಕ್ಬರನ ಕಾಲದ 'ಐನೆ ಅಕ್ಬರಿ'ಯಲ್ಲಿ ಇದರ ವಿವರ ಇದೆ. ಅವನ ಮಗ ಜಹಾಂಗೀರನ ಹತ್ತಿರ ಮಾನ್ಸರಾಜ್ ಅನ್ನೋ ಸಾಕಿದ ಜಿಂಕೆ ಇತ್ತು. ಅದು ಸತ್ತಾಗ ಲಾಹೋರಿನ ಹತ್ತಿರ ಶೇಖುಪುರದಲ್ಲಿ ಅದರ ನೆನಪಿಗೆ ಮಿನಾರನ್ನೇ ಕಟ್ಟಿಸಿದ, ಈಗಲೂ ಹಿರನ್ ಮಿನಾರ್ ಅಂತ ಇದೆ. ರಾಮಾಯಣದಲ್ಲಿ ಈ ತಂತ್ರವನ್ನೇ ತಿರುಗಾಮುರುಗಾ ಮಾಡಿದ್ದಾರೆ ನೋಡಿ. ಜಿಂಕೆಯೇ ಬೇಟೆಗಾರನನ್ನು ಎಳಕೊಂಡು ಹೋಗುತ್ತೆ.

ಬೇಟೆಯ ಮಾತು ಬಂತಲ್ಲ, ನಮ್ಮ ಮಂಡ್ಯ ಜಿಲ್ಲೆಯ ಅತಿ ಪ್ರಸಿದ್ಧ ಬೇಟೆ ಕಲ್ಲಿನ ಮೇಲಿದೆ, ಮದ್ದೂರು ತಾಲೂಕಿನ ಆತಕೂರಿನ ಶಾಸನ. ಕ್ರಿ.ಶ. ೯೪೯-೫೦ರದ್ದು. ಕಾಳಿ ಅನ್ನೋ ನಾಯಿ ಹಂದಿಯ ಜೊತೆ ಹೋರಾಡಿ ಎರಡೂ ಸತ್ತ ಕಥೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ನಾಯಿಗೆ ಕಲ್ಲು ಸಿಕ್ಕಿತು, ಹಂದಿಗೂ ಅದರಲ್ಲಿ ಜಾಗ ಸಿಕ್ಕಿತು, ಕೊಂಡುಕುರಿಯನ್ನು ಕೇಳೋರಿಲ್ಲ.

ಅತ್ತ ಯೂರೋಪಿನವರು ಇನ್ನೊಂದು ಮೃಗವನ್ನು ಕಲ್ಪಿಸಿಕೊಂಡು ಕೂತಿದ್ರು. 'ಫಿಸಿಯೊಲಾಗಸ್' ಅನ್ನೋ ಹಳೆಯ ಗ್ರೀಕ್ ಪುಸ್ತಕ, ಅದರಿಂದ ಹುಟ್ಟಿದ ಮಧ್ಯಯುಗದ ಪ್ರಾಣಿಪುಸ್ತಕಗಳಲ್ಲಿ ಅದು ಬರುತ್ತೆ. ಯಾವ ಬೇಟೆಗಾರನೂ ಹತ್ತಿರ ಸುಳಿಯಲಾಗದಷ್ಟು ಚುರುಕು. ಕೊಂಬು ಗರಗಸದ ಹಾಗೆ, ಅದರಲ್ಲಿ ಮರಗಳನ್ನೇ ಕೊಯ್ದು ಬೀಳಿಸುತ್ತೆ. ಬಾಯಾರಿದಾಗ ಯೂಫ್ರೆಟಿಸ್ ನದಿಗೆ ಬಂದು ನೀರು ಕುಡಿದು, ಅಲ್ಲೇ ಇರುವ ಸಣ್ಣ ಕೊಂಬೆಗಳ ಪೊದೆಯಲ್ಲಿ ಕೊಂಬು ಆಡಿಸುತ್ತಾ ಸಿಕ್ಕಿಹಾಕಿಕೊಳ್ಳುತ್ತೆ. ಆಮೇಲೆ ಜೋರಾಗಿ ಕೂಗುತ್ತೆ. ಕೂಗು ಕೇಳಿ ಬೇಟೆಗಾರ ಬಂದು ಕೊಲ್ಲುತ್ತಾನೆ. ಚಿತ್ರ ಬರೆಯೋರು ಇದಕ್ಕೆ ಕೋರೆಹಲ್ಲು, ಸಿಂಹದ ಬಾಲ ಎಲ್ಲ ಸೇರಿಸಿದರು. ಇಂಗ್ಲೆಂಡಿನ ಆರನೇ ಹೆನ್ರಿಯ ಲಾಂಛನದ ಎರಡೂ ಪಕ್ಕ ನಿಂತಿರೋದು ಇದೇ. ನನಗೆ ತಕ್ಷಣ ಮಾರೀಚನ ಹಳೆಯ ಅವತಾರ ನೆನಪಾಯ್ತು, ಅವನಿಗೂ ಕೋರೆಹಲ್ಲು. ಅವನ ಕಥೆಯಲ್ಲೂ ಕೊನೆಗೆ ಎಲ್ಲವನ್ನೂ ತಿರುಗಿಸೋದು ಒಂದು ಕೂಗು, 'ಹಾ ಸೀತೆ, ಹಾ ಲಕ್ಷ್ಮಣ' ಅನ್ನೋದು. ಇವರು ಅವರಿಂದ ಕದ್ದರು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಆ ಜಗಳ ಶುರು ಮಾಡಬೇಡಿ. ಗಾಬರಿ ಬಿದ್ದ ಪ್ರಾಣಿ ಕೂಗೋದನ್ನು ಎರಡೂ ಕಡೆಯವರು ಕೇಳಿಸಿಕೊಂಡಿರಬಹುದು.

ಆ ಯೂರೋಪಿನ ಮೃಗದ ಹೆಸರೇ ಆಂಟಿಲೋಪ್. ಅಂದ್ರೆ ಮೊದಲು ಅದೊಂದು ಕಟ್ಟುಕಥೆಯ ಪ್ರಾಣಿಯ ಹೆಸರು, ನಿಜದ ಪ್ರಾಣಿಗೆ ಬಂದದ್ದು ಆಮೇಲೆ. ೧೭೫೮ರಲ್ಲಿ ಲಿನ್ನೇಯಸ್ ನಮ್ಮ ಕೃಷ್ಣಮೃಗವನ್ನು ಆಡಿನ ಲೆಕ್ಕಕ್ಕೆ ಸೇರಿಸಿದ್ದ. ೧೭೬೬ರಲ್ಲಿ ಪಲ್ಲಾಸ್ ಅನ್ನೋ ವಿಜ್ಞಾನಿ ಅದನ್ನು ಅಲ್ಲಿಂದ ಬಿಡಿಸಿ 'ಆಂಟಿಲೋಪೆ' ಅನ್ನೋ ಹೊಸ ಕುಲ ಮಾಡಿದ. ಈಗ ಆ ಕುಲದಲ್ಲಿ ಬದುಕಿರೋದು ಕೃಷ್ಣಮೃಗ ಒಂದೇ. ಗರಗಸದ ಕೊಂಬಿನ ಹೆಸರು ಕೊನೆಗೆ ಮೈದನಹಳ್ಳಿಯಲ್ಲಿ ಹುಲ್ಲು ಮೇಯುತ್ತಿದೆ.

ಕೊಂಡುಕುರಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು ೧೮೧೬ರಲ್ಲಿ, ಬ್ಲಾನ್‌ವಿಲ್ ಅನ್ನೋ ಫ್ರೆಂಚ್ ವಿಜ್ಞಾನಿಯಿಂದ. ಭಾರತ, ನೇಪಾಳ ಬಿಟ್ಟು ಬೇರೆಲ್ಲೂ ಇಲ್ಲ. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರೋದು ಇದಕ್ಕೆ ಮಾತ್ರ, ಅದೂ ಗಂಡಿಗೆ. ಎತ್ತರ ಎರಡು ಅಡಿ, ತೂಕ ಇಪ್ಪತ್ತು ಕಿಲೋ ಆಸುಪಾಸು. ಹಿಂಡು ಕಟ್ಟೋದಿಲ್ಲ, ಒಂಟಿ. ನೀರಿಗೆ ಹತ್ತಿರವಾಗಿ, ಎತ್ತರದ ಹುಲ್ಲಿರೋ ಒಣಕಾಡು ಬೇಕು. ಹಿಕ್ಕೆ ಹಾಕೋದಕ್ಕೆ ಅದದೇ ಜಾಗಕ್ಕೆ ವಾಪಸ್ ಬರುತ್ತೆ. ಅಪಾಯ ಕಂಡರೆ ಕಲ್ಲಿನ ಹಾಗೆ ನಿಲ್ಲುತ್ತೆ, ಆಮೇಲೆ ಕುಪ್ಪಳಿಸಿ ಪೊದೆಯಲ್ಲಿ ಮಾಯ. ಮುತ್ತತ್ತಿ ಸುತ್ತಿನ ಕಾಡು ೧೯೮೭ರಿಂದ ಕಾವೇರಿ ವನ್ಯಜೀವಿಧಾಮ. ಮೀನು, ಆನೆ, ಅಳಿಲು ನೋಡೋಕೆ ಬರೋರಿದ್ದಾರೆ, ಇದನ್ನು ಹುಡುಕಿಕೊಂಡು ಬರೋರು ಕಡಿಮೆ.

ಈಗ ನನ್ನ ಕಥೆಗೆ ಬೇಕಾದ ಮನುಷ್ಯ ಬರ್ತಾನೆ. ವಾಲ್ಟರ್ ಎಲಿಯಟ್. ಈ ಹೆಸರು ನೀವು ಬೇರೆ ಕಡೆ ಓದಿರ್ತೀರಿ. ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರಿನ ಮೇಲೆ ಹೋದ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ, ಸ್ಟೀವನ್‌ಸನ್ ಜೊತೆಯವನು. ಆಗಿನ್ನೂ ಇಪ್ಪತ್ತೊಂದು ವರ್ಷದ ಹುಡುಗ, ನಮ್ಮ ಟೀಮಿಗೆ ಬರೋ ಫ್ರೆಶರ್‌ಗಳ ವಯಸ್ಸು. ಬಿಡುಗಡೆ ಆದ ಮೇಲೆ ಊರಿಗೆ ಓಡಿಹೋಗಲಿಲ್ಲ. ಧಾರವಾಡದ ಕಡೆ ಇದ್ದುಕೊಂಡು ಕನ್ನಡ ನಾಡಿನ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸ ಬರೆಯೋರಿಗೆ ಮೊದಲ ಸಾಮಗ್ರಿ ಅದು. ಅದೇ ಮನುಷ್ಯ ಆ ಸೀಮೆಯ ಪ್ರಾಣಿಗಳ ಪಟ್ಟಿಯನ್ನೂ ಮಾಡಿ ೧೮೩೯ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ.

ಆ ಪಟ್ಟಿಯಲ್ಲಿ ಕೊಂಡುಕುರಿ ಇದೆ. ಎಲಿಯಟ್ ನಮ್ಮ ಕಡೆಯ ಕೊಂಡುಕುರಿಗೆ ಬೇರೆಯದೇ ಹೆಸರಿಟ್ಟ. ಲ್ಯಾಟಿನ್ನಿನ ಆ ಹೆಸರನ್ನು ಬಿಡಿಸಿದರೆ 'ಪೂರ್ತಿ ನಾಲ್ಕಲ್ಲದ ಕೊಂಬಿನದು' ಅಂತಾಗುತ್ತೆ. ಕಾರಣ ಇಷ್ಟೆ: ದಕ್ಷಿಣದ ಕೊಂಡುಕುರಿಯಲ್ಲಿ ಹಿಂದಿನ ಜೋಡಿ ಕೊಂಬು ಸರಿಯಾಗಿರುತ್ತೆ, ಮುಂದಿನ ಜೋಡಿ ಎಷ್ಟೋ ಸಲ ಬರೀ ಗಂಟು. ಕೂದಲಿನ ನಡುವೆ ಎರಡು ಗುಬುಟು. ಕೆಲವಕ್ಕೆ ಅದೂ ಇಲ್ಲ. ಈಗಿನ ವಿಜ್ಞಾನಿಗಳು ಇದನ್ನು ಉಪಜಾತಿ ಅಂತ ಎಣಿಸಿ ಅವನ ಹೆಸರನ್ನೇ ಉಳಿಸಿಕೊಂಡಿದ್ದಾರೆ.

ಹಿಂದ್ಕೆ ಎಲ್ಡು ಕೊಂಬು, ಮುಂದ್ಕೆ ಎಲ್ಡು ಮೊಳ್ಕೆ.

ರಾತ್ರಿ ಒಂದೂವರೆಗೆ ಇದನ್ನು ಓದಿದೆ. ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ನನ್ನ ಪುಸ್ತಕದ ಚಿತ್ರದಲ್ಲಿ ಮುಂದಿನ ಕೊಂಬು ಚೆನ್ನಾಗಿ ಎದ್ದು ಕಾಣುತ್ತೆ, ಅದನ್ನು ನೋಡಿದವರು ಯಾರೂ ಮೊಳಕೆ ಅನ್ನಲ್ಲ. ಈ ಮಾತು ಚಿತ್ರದಿಂದ ಬಂದಿದ್ದಲ್ಲ. ಎರಡಡಿ ಎತ್ತರದ, ಕಂಡ ಕೂಡಲೇ ಪೊದೆ ಸೇರೋ ಪ್ರಾಣಿಯ ಹಣೆಯ ಗುಬುಟು ಕಾಣಬೇಕಾದ್ರೆ ಎಷ್ಟು ಹತ್ತಿರ ಇರಬೇಕು! ಒಂಟಿ, ನಿಂತ್ಕತು, ನೆಗೀತು, ಒಂದೊಂದೂ ಸರಿ. ಅಜ್ಜಿ ರಾಮಾಯಣಕ್ಕೆ ಹಾಕಿದ್ದು ಕಣ್ಣಾರೆ ಕಂಡಿದ್ದನ್ನು, ಅಥವಾ ಕಂಡವರ ಬಾಯಿಂದ ಕೇಳಿದ್ದನ್ನು. ಅದನ್ನು ನಾನು ಏಳೆಂಟು ವರ್ಷದವನು ಅಮರಚಿತ್ರ ಕಥೆ ಹಿಡಿದು ತಪ್ಪು ಅಂದಿದ್ದೆ. ಕೇಳೋಣ ಅಂದ್ರೆ ಅಜ್ಜಿ ಇಲ್ಲ. ನಾನು ಇಂಜಿನಿಯರಿಂಗ್ ಐದನೇ ಸೆಮಿಸ್ಟರಿನಲ್ಲಿದ್ದಾಗ ಹೋದರು.

ಮುತ್ತತ್ತಿಯ ಕಥೆಯೂ ಒಂದು ರೀತಿ ಈ ಮೃಗದ ಬಾಲಂಗೋಚಿಯೇ. ಲಂಕೆಯಿಂದ ಬರುವಾಗ ಸೀತಮ್ಮ ಕಾವೇರಿಯಲ್ಲಿ ಮುತ್ತು ಕಳಕೊಂಡಳು, ಹನುಮಂತ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟ, ಅದಕ್ಕೇ ಅವನು ಮುತ್ತೆತ್ತರಾಯ ಅಂತಾರೆ. ನಮ್ಮ ರಾಜಣ್ಣನಿಗೆ ಮುತ್ತುರಾಜ ಅಂತ ಹೆಸರು ಬಂದದ್ದೂ ಇದೇ ದೇವರಿಂದ. ಹನುಮಂತ ವಾಯುವಿನ ಮಗ ತಾನೇ? ಹಳೆಯ ದೇವಸ್ಥಾನಗಳಲ್ಲಿ ಅಷ್ಟದಿಕ್ಪಾಲಕರಿರೋ ಚಾವಣಿ ಸಿಕ್ಕರೆ ವಾಯವ್ಯ ಮೂಲೆ ನೋಡಿ, ವಾಯು ಕೂತಿರೋದು ಜಿಂಕೆಯ ಮೇಲೆ. ಮೃಗದ ಹಿಂದೆ ಹೋಗಿ ಕಳೆದದ್ದನ್ನು ಹುಡುಕಿಕೊಟ್ಟವನು ಮೃಗವಾಹನನ ಮಗ. ಇದನ್ನು ಅಜ್ಜಿಗೆ ಹೇಳಿದ್ದರೆ ಖುಷಿಪಡೋರು.

ಮರುದಿನ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಜ್ಜಿ ಕೊಂಡುಕುರಿ ನೋಡಿದ್ರಾಮ್ಮ?

"ಯಾಕಪ್ಪ ಈಗ? ಮದುವೆಗೆ ಮುಂಚೆ ದನ ಹೊಡ್ಕೊಂಡು ಹೊಳೆ ಕಡೆ ಕಾಡಿಗೇ ಹೋಗ್ತಿದ್ದಿದ್ದಂತೆ. ಅಲ್ಲಿ ಏನೇನು ನೋಡಿತ್ತೋ."

ಮತ್ತೆ ಬಂಗಾರದ್ದು ಅಂತ ಯಾಕೆ ಹೇಳ್ತಿದ್ರು?

"ಇನ್ನೇನು ಹೇಳಬೇಕಿತ್ತು? ಬರೀ ಕೊಂಡ್ಗುರಿ ಅಂದಿದ್ರೆ ನೀನು ಕೇಳ್ತಿದ್ಯಾ?"